ಮುನ್ನೂರು ಜನರ ಭಾಷೆ ಬಡ ಭಾಷೆಯಲ್ಲ

ಅಳಿಯುತ್ತಿರುವ ಭಾಷೆಗಳ ಬಗ್ಗೆ ಯಾರೇ ಬರೆಯಲಿ, ಮೊದಲು ತಲೆ ಎಣಿಸುತ್ತಾರೆ. ಹತ್ತು ಸಾವಿರ ಜನ ಆಡುತ್ತಾರಾ, ಸದ್ಯಕ್ಕೆ ಪರವಾಗಿಲ್ಲ. ಬರೀ ಇನ್ನೂರಾ, ಹಾಗಾದರೆ ಅದರ ಕಥೆ ಮುಗಿದಂತೆ. ಪೆಸಿಫಿಕ್ ಸಾಗರದ ಸಣ್ಣ ದ್ವೀಪಗಳ ಮಟ್ಟಿಗೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಅಲ್ಲಿ ಇನ್ನೂರು ಮುನ್ನೂರು ಜನ ಆಡುವ ಭಾಷೆ ಇರುವುದು ಮಾಮೂಲು. ತಲತಲಾಂತರದಿಂದ ಹಾಗೇ ನಡೆದು ಬಂದಿದೆ.

ವನುವಾಟು ದೇಶವನ್ನೇ ನೋಡಿ. ಒಟ್ಟು ಜನಸಂಖ್ಯೆ ಸುಮಾರು ಮೂರು ಲಕ್ಷ. ಭಾಷೆಗಳು ನೂರಕ್ಕೂ ಜಾಸ್ತಿ, ಕೆಲವು ಭಾಷಾ ವಿಜ್ಞಾನಿಗಳ ಎಣಿಕೆಯಲ್ಲಿ 138. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ಭಾಷೆಗಳಿಲ್ಲ. ಆ ದೇಶದ ಉತ್ತರ ತುದಿಯಲ್ಲಿ ಟಾರೆಸ್ ಮತ್ತು ಬ್ಯಾಂಕ್ಸ್ ಅಂತ ಎರಡು ದ್ವೀಪಗುಚ್ಛಗಳಿವೆ. ಅಲೆಕ್ಸಾಂದ್ರ ಫ್ರಾಂಸ್ವಾ ಎಂಬ ಫ್ರೆಂಚ್ ಭಾಷಾ ವಿಜ್ಞಾನಿ 1990ರ ದಶಕದಿಂದ ಅಲ್ಲಿ ಓಡಾಡಿ ದಾಖಲೆ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ಅಲ್ಲಿರುವ ಜನ ಸುಮಾರು 9,400, ಭಾಷೆಗಳು 17. ಮ್ವೋಟ್ಲಾಪ್ ಅಲ್ಲಿನ ದೊಡ್ಡ ಭಾಷೆ, ಆಡುವವರು ಎರಡು ಸಾವಿರದ ಆಸುಪಾಸು. ಹಿವ್ ಆಡುವವರು 280ರಷ್ಟು. ಈ 17ರಲ್ಲಿ ಹೆಚ್ಚಿನವು ಇವತ್ತಿಗೂ ಮನೆಮನೆಯಲ್ಲಿ ನಡೆಯುತ್ತಿವೆ, ಮಕ್ಕಳು ಕಲಿಯುತ್ತಿದ್ದಾರೆ.

ಇಷ್ಟೊಂದು ಭಾಷೆಗಳು ಹುಟ್ಟಿದ್ದಾದರೂ ಹೇಗೆ? ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಲಪಿಟಾ ಜನ ಅಂತ ಈಗ ನಾವು ಕರೆಯುವ ನಾವಿಕರು ದೋಣಿಗಳಲ್ಲಿ ಇಲ್ಲಿಗೆ ಬಂದರು. ಆಗ ಅವರು ಆಡುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ಭಾಷೆ. ನ್ಯೂಗಿನಿ ಸುತ್ತಮುತ್ತಲಿನ ದ್ವೀಪಗಳಿಂದ ಹಿಡಿದು ಫಿಜಿ, ಸಮೋವಾ, ಹವಾಯಿ, ರಾಪಾ ನುಯಿವರೆಗೆ ಹರಡಿರುವ ನಾನೂರೈವತ್ತಕ್ಕೂ ಹೆಚ್ಚು ಭಾಷೆಗಳು ಒಂದೇ ಬೇರಿನವು. ಇವನ್ನೇ ಓಷಿಯಾನಿಕ್ ಭಾಷೆಗಳು ಅನ್ನುವುದು. (ಗುವಾಮ್‌ನ ಚಮೋರೋ ಮತ್ತು ಪಲಾವ್ ದೇಶದ ಭಾಷೆ ಈ ಗುಂಪಿಗೆ ಸೇರುವುದಿಲ್ಲ. ಓಷಿಯಾನಿಕ್ ಕೂಡ ಸೇರಿರುವ ಆಸ್ಟ್ರೋನೇಷಿಯನ್ ಅನ್ನುವ ದೊಡ್ಡ ಭಾಷಾ ಕುಟುಂಬದ ಬೇರೆ ಕವಲುಗಳು ಅವು. ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುವುದರಿಂದ ಅವನ್ನೂ ಇದರಲ್ಲೇ ಸೇರಿಸಿಬಿಡುವವರು ಬಹಳ.)

ದ್ವೀಪಗಳು ದೂರ ದೂರ ಇದ್ದವು, ಜನರಿಗೆ ಒಬ್ಬರಿಗೊಬ್ಬರ ಸಂಪರ್ಕ ಇರಲಿಲ್ಲ, ಅದಕ್ಕೇ ಭಾಷೆಗಳು ಬೇರೆಯಾದವು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಬ್ಯಾಂಕ್ಸ್ ಗುಚ್ಛದ ಗೌವಾ ಅನ್ನುವ ಒಂದೇ ದ್ವೀಪದಲ್ಲಿ ಐದು ಭಾಷೆಗಳಿದ್ದವಲ್ಲ, ಅದಕ್ಕೇನು ಹೇಳುವುದು? ಅಲ್ಲಿನ ಜನ ಒಬ್ಬರಿಗೊಬ್ಬರು ಅಪರಿಚಿತರಾಗಿರಲಿಲ್ಲ. ಆಚೆ ಊರಿನಿಂದ ಹೆಣ್ಣು ತರುತ್ತಿದ್ದರು, ವ್ಯಾಪಾರ ಮಾಡುತ್ತಿದ್ದರು, ಅಕ್ಕಪಕ್ಕದ ಎರಡು ಮೂರು ಭಾಷೆ ಬರುವುದು ಸಾಮಾನ್ಯ ವಿಷಯವಾಗಿತ್ತು. ಇಷ್ಟೆಲ್ಲ ಒಡನಾಟ ಇದ್ದೂ ಪ್ರತಿ ಊರೂ ತನ್ನ ಮಾತು ಬೇರೆಯಾಗಿಯೇ ಇರಲಿ ಅಂತ ಬಯಸಿತು. ಯಾವ ಭಾಷೆಯೂ ಇನ್ನೊಂದಕ್ಕಿಂತ ಮೇಲಲ್ಲ, ನಿನ್ನದು ನಿನಗೆ, ನನ್ನದು ನನಗೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದೇ. ಒಂದು ನಾಡಿಗೆ ಒಂದೇ ದೊಡ್ಡ ಭಾಷೆ ಇರಬೇಕು ಅನ್ನುವುದು ಪ್ರಕೃತಿ ನಿಯಮ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ, ಅಲ್ವಾ? ಇವರು ಸಾವಿರಾರು ವರ್ಷ ಅದಿಲ್ಲದೆಯೇ ಚೆನ್ನಾಗಿ ಬದುಕಿ ತೋರಿಸಿದ್ದಾರೆ.

ಹಾಗಾದರೆ ಇವುಗಳಲ್ಲಿ ಕೆಲವು ಯಾಕೆ ಸತ್ತವು?

ಗೌವಾದ ಓಲ್ರಾಟ್ ಭಾಷೆಯನ್ನು ತೆಗೆದುಕೊಳ್ಳಿ. ಅದನ್ನು ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ 2009ರಲ್ಲಿ ತೀರಿಕೊಂಡರು. ಅದನ್ನು ಕೊಂದದ್ದು ಇಂಗ್ಲಿಷ್ ಅಲ್ಲ, ಫ್ರೆಂಚ್ ಕೂಡ ಅಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಓಲ್ರಾಟ್ ಜನ ಒಳನಾಡಿನ ತಮ್ಮ ಹಳ್ಳಿ ಬಿಟ್ಟು, ಲಾಕೋನ್ ಭಾಷೆಯ ದೊಡ್ಡ ಊರಿಗೆ ಬಂದು ಸೇರಿಕೊಂಡರು. ಅಷ್ಟೇ. ಊರು ಹೋಯಿತು, ಊರಿನ ಹಿಂದೆಯೇ ಭಾಷೆಯೂ ಹೋಯಿತು. ಮತ್ತೆ ಆ ಲಾಕೋನ್ ಏನು ಮಹಾ ದೊಡ್ಡ ಭಾಷೆಯೇ? ಅದನ್ನು ಆಡುವವರು ಸುಮಾರು ಎಂಟುನೂರು. ಬ್ಯಾಂಕ್ಸ್‌ನದೇ ಆದ ವನುವಾ ಲಾವಾ ದ್ವೀಪದ ಲೆಮೆರಿಗ್ ಭಾಷೆಯದೂ ಖಾಲಿಯಾದ ಹಳ್ಳಿಗಳದೇ ಕಥೆ. ಫ್ರಾಂಸ್ವಾ ಲೆಕ್ಕ ಹಾಕುವ ಹೊತ್ತಿಗೆ ಅದನ್ನು ಬಲ್ಲವರು ಇಬ್ಬರೇ ಉಳಿದಿದ್ದರು.

ಹತ್ತೊಂಬತ್ತನೇ ಶತಮಾನದಿಂದ ಈ ದ್ವೀಪಗಳ ಮೇಲೆ ಏಟಿನ ಮೇಲೆ ಏಟು ಬಿದ್ದಿದೆ. ಹಡಗುಗಳ ಜೊತೆ ಬಂದ ಸಾಂಕ್ರಾಮಿಕ ರೋಗಗಳು ಊರಿಗೆ ಊರನ್ನೇ ಖಾಲಿ ಮಾಡಿದವು. 1863ರಿಂದ 1904ರವರೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ತೋಟಗಳಿಗೆ ಸಾವಿರಾರು ಜನರನ್ನು ಪುಸಲಾಯಿಸಿ, ಎಷ್ಟೋ ಸಲ ಹಿಡಿದುಕೊಂಡೇ, ಸಾಗಿಸಿದರು. ಅಳಿದುಳಿದವರು ಕರಾವಳಿಯಲ್ಲಿ, ಚರ್ಚಿನ ಸುತ್ತ ಒಟ್ಟಾದರು. ನಾಲ್ಕು ಹಳ್ಳಿಯವರು ಒಂದೇ ಕಡೆ ಕೂತಾಗ ಮಕ್ಕಳು ಯಾವುದೋ ಒಂದನ್ನು ಹಿಡಿದುಕೊಳ್ಳುತ್ತಾರೆ.

ರಾಪಾ ನುಯಿಯಲ್ಲಿ, ಅಂದರೆ ಈಸ್ಟರ್ ದ್ವೀಪದಲ್ಲಿ, ಆದದ್ದು ಇದರ ಅತಿ ಕ್ರೂರ ರೂಪ. 1862ರಲ್ಲಿ ಪೆರು ದೇಶದಿಂದ ಗುಲಾಮರನ್ನು ಹಿಡಿಯುವ ಹಡಗುಗಳು ಬಂದು ಜನರನ್ನು ಹೊತ್ತೊಯ್ದವು. ವಾಪಸ್ ಬಂದ ಕೆಲವರ ಜೊತೆ ಸಿಡುಬು ಬಂತು. 1877ರಲ್ಲಿ ಇಡೀ ದ್ವೀಪದಲ್ಲಿ ಉಳಿದವರು 111 ಜನ. 1888ರಲ್ಲಿ ಚಿಲಿ ಅದನ್ನು ತನ್ನದಾಗಿಸಿಕೊಂಡಿತು. ಆಮೇಲೆ ಸ್ಪ್ಯಾನಿಷ್ ಶಾಲೆ, ಸ್ಪ್ಯಾನಿಷ್ ಕಚೇರಿ. ಇಷ್ಟಾದರೂ ಆ ಭಾಷೆ ಇವತ್ತಿಗೂ ಉಸಿರಾಡುತ್ತಿದೆ. ಅದನ್ನು ಓದಿದಾಗಲೆಲ್ಲ ನನಗೆ ಆ 111 ಜನರ ಬಗ್ಗೆ ಗೌರವ ಉಕ್ಕಿ ಬರುತ್ತದೆ.

ಇನ್ನು ಸಾಲೊಮನ್ ದ್ವೀಪಗಳ ವನಿಕೋರೊ. 1788ರಲ್ಲಿ ಫ್ರೆಂಚ್ ನಾವಿಕ ಲಾ ಪೆರೂಸನ ಎರಡೂ ಹಡಗುಗಳು ಮುಳುಗಿದ್ದು ಇಲ್ಲೇ. ಆ ಕಾರಣಕ್ಕೆ ಈ ದ್ವೀಪದ ಹೆಸರು ಕೇಳಿದವರಿದ್ದಾರೆ, ಅಲ್ಲಿನ ಭಾಷೆಗಳ ಹೆಸರು ಕೇಳಿದವರಿಲ್ಲ. ಟೆಯಾನು, ಲೊವೊನೊ, ಟನೆಮಾ ಅಂತ ಮೂರು. ಇವುಗಳ ವಾಕ್ಯ ಕಟ್ಟುವ ರೀತಿ, ಹೇಳುವ ಬಗೆ ಎಷ್ಟು ಒಂದೇ ಥರ ಇದೆಯೆಂದರೆ, ಒಂದರ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ಬದಲಿಸಬಹುದು. ಪದಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ! ಶತಮಾನಗಳ ಕಾಲ ಜೊತೆಗೆ ಬಾಳಿ, ಯೋಚನೆಯ ದಾರಿ ಒಂದಾದರೂ ಮಾತಿನ ಗುರುತು ಬೇರೆ ಇಟ್ಟುಕೊಂಡವರು ಅವರು. ಈಗ ಟೆಯಾನು ಉಳಿದಿದೆ. ಉಳಿದೆರಡನ್ನು ಕೆಲವೇ ಹಿರಿಯರ ಬಾಯಲ್ಲಿ ದಾಖಲಿಸಿಕೊಳ್ಳಲಾಯಿತು.

ಹೋದರೆ ಹೋಗುವುದೇನು ಅಂತ ಕೇಳುವವರಿಗೆ ನಾನು ಒಂದು ಉದಾಹರಣೆ ಕೊಡುತ್ತೇನೆ. ಮ್ವೋಟ್ಲಾಪ್‌ನಂಥ ಭಾಷೆಗಳಲ್ಲಿ ದಿಕ್ಕು ಹೇಳಲು ಎಡ, ಬಲ ಅನ್ನುವುದು ಕಡಿಮೆ. ಸಮುದ್ರದ ಕಡೆ, ಒಳನಾಡಿನ ಕಡೆ ಅನ್ನುತ್ತಾರೆ. ಇದು ಬರೀ ದಾರಿ ತೋರಿಸುವುದಕ್ಕಲ್ಲ, ಮನೆಯೊಳಗೆ ಕೈಗೆಟುಕುವ ವಸ್ತುವಿನ ಬಗ್ಗೆ ಹೇಳುವಾಗಲೂ ಹಾಗೇ. ಅಂದರೆ ಮಾತಾಡುವವರಿಗೆ ತಾನು ದ್ವೀಪದಲ್ಲಿ ಎಲ್ಲಿ ನಿಂತಿದ್ದೇನೆ ಅನ್ನುವುದು ಸದಾ ಗೊತ್ತಿರಲೇಬೇಕು. ಸಮುದ್ರವೇ ಕಾಣದ ನಗರದ ಬಾಡಿಗೆ ಮನೆಯಲ್ಲಿ ಬೆಳೆಯುವ ಮಗುವಿಗೆ ಇದನ್ನು ಹೇಗೆ ಕಲಿಸುತ್ತೀರಿ?

ಈಗಿನ ದೊಡ್ಡ ಚಿಂತೆ ಇದೇ, ವಲಸೆ. ಪೆಸಿಫಿಕ್‌ನ ನಿಯುವೆ ದ್ವೀಪದಲ್ಲಿ ಎರಡು ಸಾವಿರ ಜನವೂ ಇಲ್ಲ, ಆ ಮೂಲದವರು ನ್ಯೂಜಿಲೆಂಡ್‌ನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಟುವಾಲು ಎಂಬ ಸಣ್ಣ ದ್ವೀಪದೇಶ ಮತ್ತು ಆಸ್ಟ್ರೇಲಿಯಾ 2023ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ವರ್ಷಕ್ಕೆ 280 ಟುವಾಲು ಜನರಿಗೆ ಆಸ್ಟ್ರೇಲಿಯಾದಲ್ಲಿ ನೆಲೆಸುವ ಅವಕಾಶವಿದೆ. ಸಮುದ್ರ ಏರುತ್ತಿರುವಾಗ ಯಾರೂ ಅವರನ್ನು ಹೋಗಬೇಡಿ ಅನ್ನುವಂತಿಲ್ಲ. ವನುವಾಟುವಿನ ಅಂಬೇ ದ್ವೀಪದಲ್ಲಿ 2017ರಲ್ಲಿ, ಮತ್ತೆ 2018ರಲ್ಲಿ ಜ್ವಾಲಾಮುಖಿಗೆ ಹೆದರಿ ಇಡೀ ದ್ವೀಪವನ್ನೇ ಖಾಲಿ ಮಾಡಿಸಿದರು. ಬೇರೆ ದ್ವೀಪಕ್ಕೆ ಹೋದ ಮಕ್ಕಳು ಅಲ್ಲಿನವರ ಜೊತೆ ಆಡುವುದು ಬಿಸ್ಲಾಮಾ, ವನುವಾಟುವಿನ ಎಲ್ಲರನ್ನೂ ಬೆಸೆಯುವ ಭಾಷೆ. ಬಿಸ್ಲಾಮಾವನ್ನು ನಾನು ಬೈಯುವುದಿಲ್ಲ, ಅದೂ ಆ ಜನರೇ ಕಟ್ಟಿದ ಭಾಷೆ. ಆದರೆ ಅಪ್ಪ ಒಂದು ದ್ವೀಪ, ಅಮ್ಮ ಇನ್ನೊಂದು ದ್ವೀಪ, ಮನೆ ರಾಜಧಾನಿ ಪೋರ್ಟ್ ವಿಲಾದಲ್ಲಿ ಅಂದರೆ ಮಕ್ಕಳ ಮೊದಲ ಭಾಷೆ ಅದೇ ಆಗಿಬಿಡುತ್ತದೆ.

'ಈ ಭಾಷೆಯ ಕೊನೆಯ ಮಾತುಗಾರ' ಅಂತ ಫೋಟೋ ಸಮೇತ ಬರುವ ಸುದ್ದಿಗಳು ನನಗೆ ಹಿಡಿಸುವುದಿಲ್ಲ. ಮೂವತ್ತು ವರ್ಷ ತಡವಾಗಿ ಬಂದು ಸುಮ್ನೆ ಕಣ್ಣೀರು ಹಾಕಿದಂತೆ ಅನಿಸುತ್ತದೆ. ಅದಕ್ಕಿಂತ ಭಾಷಾ ವಿಜ್ಞಾನಿ ಟೆರಿ ಕ್ರೌಲಿ ಮಾಡಿದ ಕೆಲಸ ನೋಡಿ. ವನುವಾಟುವಿನ ಎರೊಮಾಂಗೊ ದ್ವೀಪದ ಊರಾ ಭಾಷೆ ಸತ್ತೇಹೋಗಿದೆ ಅಂತ ಎಲ್ಲರೂ ನಂಬಿದ್ದಾಗ, 1990ರ ದಶಕದಲ್ಲಿ ಅವರು ಅದನ್ನು ಬಲ್ಲ ಬೆರಳೆಣಿಕೆಯ ಹಿರಿಯರನ್ನು ಹುಡುಕಿ, ಕೂತು, ವ್ಯಾಕರಣ ಬರೆದರು.

ಹವಾಯಿ ಮತ್ತು ಮಾವೊರಿ ಭಾಷೆಗಳು ಚೇತರಿಸಿಕೊಂಡ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 1982ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮಕ್ಕಳ ಜೊತೆ ಮಾವೊರಿಯಲ್ಲೇ ಮಾತಾಡುವ ಕೊಹಾಂಗಾ ರೇಯೊ ಶಿಶುವಿಹಾರಗಳು, 1984ರಲ್ಲಿ ಅದನ್ನೇ ನೋಡಿ ಹವಾಯಿಯಲ್ಲಿ ಪೂನಾನಾ ಲೇಯೊ. ಅದ್ಭುತ ಕೆಲಸ, ಸಂಶಯವಿಲ್ಲ. ಆದರೆ ಅವುಗಳ ಬೆನ್ನಿಗೆ ಲಕ್ಷಾಂತರ ಜನರ ಸಮುದಾಯ, ವಿಶ್ವವಿದ್ಯಾಲಯ, ಸರ್ಕಾರದ ಹಣ ಇತ್ತು. ಹಿವ್‌ನಂಥ 280 ಜನರ ಭಾಷೆಗೆ ಪಠ್ಯಪುಸ್ತಕ ಯಾರು ಅಚ್ಚು ಹಾಕಿಸುತ್ತಾರೆ? ಶಾಲೆಯ ಮೊದಲ ವರ್ಷಗಳನ್ನು ಊರ ಭಾಷೆಯಲ್ಲೇ ಕಲಿಸಬೇಕು ಅಂತ ವನುವಾಟು ನೀತಿ ಮಾಡಿದೆ, ಅದು ಸರಿಯಾದ ಹೆಜ್ಜೆ. ಆದರೆ ಶಾಲೆ ಮುಗಿದ ಮೇಲೂ ಆ ಹುಡುಗ ಹುಡುಗಿಯರು ದ್ವೀಪದಲ್ಲೇ ಬದುಕುವಂತಿರಬೇಕು. ಆಸ್ಪತ್ರೆ, ಹೈಸ್ಕೂಲು, ಕೈಗೆ ನಾಲ್ಕು ಕಾಸು ಸಿಗುವ ಕೆಲಸ, ಸಮಯಕ್ಕೆ ಬರುವ ಹಡಗು. ಭಾಷಾ ಯೋಜನೆಗಳ ಕಾಗದದಲ್ಲಿ ಹಡಗಿನ ಮಾತೇ ಇರುವುದಿಲ್ಲ. ನನ್ನ ಪ್ರಕಾರ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.