ಮೂಗಿನ ಮೇಲೆ ಕೂತಿದ್ದ ಹೆಬ್ಬೆರಳು

ಈ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಜೇಡಿಮಣ್ಣಿನಲ್ಲಿ ಡೈನೋಸಾರ್ ಮಾಡೋಕೆ ಹೇಳಿದೆ. ಎಲ್ಲರೂ ಟಿ. ರೆಕ್ಸ್ ಮಾಡಿದರು. ನೆಟ್ಟಗೆ ನಿಂತ ಮೈ, ನೆಲಕ್ಕೆ ಎಳೆದ ಬಾಲ. ಆಟಿಕೆ ಅಂಗಡಿಯಲ್ಲಿ ಕಂಡಿದ್ದು ಹಾಗೇ ಅಲ್ವಾ?

ಆ ತಪ್ಪು ನಿಲುವನ್ನು ತಿದ್ದುವ ಮೊದಲು ಇಗ್ವಾನೊಡಾನ್ ಎಂಬ ಇನ್ನೊಂದು ಡೈನೋಸಾರ್ ಕಥೆ ಹೇಳಿದೆ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನಕ್ಕೆ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಇದರ ದೊಡ್ಡ ಮೂರ್ತಿಗಳನ್ನು ಮಾಡಿದ. ಆಗ ಸಿಕ್ಕಿದ್ದು ಬಿಡಿಬಿಡಿ ಮೂಳೆಗಳಷ್ಟೇ. ಒಂದು ಚೂಪು ಮೂಳೆ ಕೊಂಬು ಎಂದುಕೊಂಡು ಮೂಗಿನ ಮೇಲೆ ಕೂತಿತು. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕವು. ಅದು ಕೊಂಬಲ್ಲ, ಹೆಬ್ಬೆರಳಿನ ಉಗುರುಮೊನೆ! ನಾನು ಮಾಡಿದ್ದ ಮಣ್ಣಿನ ಗೊಂಬೆಯ ಮೂಗಿನಿಂದ ಕೊಂಬು ಕಿತ್ತು ಕೈಗೆ ಅಂಟಿಸಿದೆ. ಮಕ್ಕಳು ಹೋ ಎಂದು ಕಿರುಚಿದರು. ಲಂಡನ್ನಿನ ಮೂರ್ತಿಗಳು ಇವತ್ತಿಗೂ ಆ ಕೊಂಬಿನ ಜೊತೆಗೇ ನಿಂತಿವೆ. ನನಗೆ ಅವು ತುಂಬಾ ಇಷ್ಟ. ಗೊತ್ತಿದ್ದಷ್ಟರಲ್ಲಿ ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದು.

"ಮಿಸ್, ನಮ್ಮದರಲ್ಲೂ ತಪ್ಪಿದೆಯಾ?"

ಟಿ. ರೆಕ್ಸ್ ಅಸ್ಥಿಪಂಜರದ ಫೋಟೋ ಮುಂದಿಟ್ಟೆ. ನೋಡಿಕೊಂಡು ತಂತಿ ಬಗ್ಗಿಸಿದರು, ಮೇಲೆ ಮಣ್ಣು ಮೆತ್ತಿದರು. ಬೆನ್ನು ನೆಲಕ್ಕೆ ಸಮಾನಾಂತರವಾಗಿ ಬಂತು. ಆದರೆ ತಲೆ ಭಾರಕ್ಕೆ ಗೊಂಬೆ ಮುಂದಕ್ಕೆ ಮುಗ್ಗರಿಸಿತು. ಒಬ್ಬಳು ಹುಡುಗಿ ಯಾರನ್ನೂ ಕೇಳದೆ ಬಾಲದ ಬುಡಕ್ಕೆ ಮಣ್ಣು ತುಂಬುತ್ತಾ ಹೋದಳು. ಕೊನೆಗೆ ಕೈಬಿಟ್ಟಳು. ನಿಂತಿತು! ಎರಡೇ ಕಾಲಿನ ಮೇಲೆ, ಬಾಲ ಗಾಳಿಯಲ್ಲಿ. ಬಾಲ ಯಾಕೆ ಅಷ್ಟು ದಪ್ಪ ಅಂತ ನಾನು ಬಾಯಿಬಿಟ್ಟು ಹೇಳುವುದೇ ಬೇಕಾಗಲಿಲ್ಲ. ಚಿತ್ರ ಬರೆಸಿದ್ದರೆ ಇದು ಆಗುತ್ತಿರಲಿಲ್ಲ. ಕಾಗದದ ಮೇಲೆ ಯಾವ ಪ್ರಾಣಿಯೂ ಬೀಳುವುದಿಲ್ಲ.

ಆಮೇಲೆ ಕೈಗಳು. ಅಂಗೈ ನೆಲ ನೋಡಬಾರದು, ಚಪ್ಪಾಳೆ ತಟ್ಟುವ ಹಾಗೆ ಒಂದಕ್ಕೊಂದು ಎದುರಾಗಿರಬೇಕು ಎಂದೆ. ಎಲ್ಲರೂ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

ಬಣ್ಣದ ಹೊತ್ತಿಗೆ ಜಗಳ ಶುರು. ಹಸಿರಾ, ಕಂದು ಬಣ್ಣವಾ? ಚೀನಾದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್ ವಿಷಯ ಹೇಳಿದೆ. ಅದರ ಪಳೆಯುಳಿಕೆಯಲ್ಲಿ ಪುಕ್ಕದ ಗುರುತಿದೆ. ಅದರಲ್ಲಿ ಉಳಿದ ಬಣ್ಣದ ಕಣಗಳನ್ನು ನೋಡಿ, ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವು ಎಂದು 2010ರಲ್ಲಿ ವಿಜ್ಞಾನಿಗಳು ಹೇಳಿದರು. ಟಿ. ರೆಕ್ಸ್ ಬಣ್ಣಕ್ಕೆ ಅಂಥ ಸಾಕ್ಷಿ ಇಲ್ಲ. ಹಾಗಾಗಿ ಯಾವುದು ಗೊತ್ತಿರುವುದು, ಯಾವುದು ಊಹೆ ಅಂತ ಚೀಟಿ ಬರೆದಿಡಿ ಎಂದೆ.

ಒಬ್ಬನ ಚೀಟಿ ಹೀಗಿತ್ತು: "ಹಲ್ಲು, ಬಾಲ, ಕೈ: ಮೂಳೆ ನೋಡಿ ಮಾಡಿದ್ದು. ಹಸಿರು: ನನಗೆ ಇಷ್ಟ ಅಂತ."