ನೂರ್ ಜಹಾನ್ ಇಲ್ಲೇ ಇದ್ದಿದ್ದರೆ? ಇನ್ನು ಕೇಳಬೇಡಿ, ಉತ್ತರ ಇಲ್ಲಿದೆ

ಹಳೇ ಹಿಂದಿ ಹಾಡಿನ ಹುಚ್ಚು ನನಗಿದೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ, ದೇಶ ಎರಡಾದಾಗ ಪಾಕಿಸ್ತಾನಕ್ಕೆ ಹೋದ ಗಾಯಕಿ-ನಟಿ ನೂರ್ ಜಹಾನ್ ಬಗ್ಗೆ. "ನೂರ್ ಜಹಾನ್ ಪಾಕಿಸ್ತಾನಕ್ಕೆ ಹೋಗದೇ ಇದ್ದಿದ್ರೆ ಲತಾ ಮಂಗೇಶ್ಕರ್ ಇಷ್ಟು ದೊಡ್ಡವರಾಗ್ತಿದ್ರಾ?" ಇದು ತಮಗೊಬ್ಬರಿಗೇ ಹೊಳೆದದ್ದು ಅನ್ನೋ ಖುಷಿ ಬೇರೆ ಮುಖದಲ್ಲಿ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಈ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಆಗ್ತಿದ್ರು. ಇದೇ ಉತ್ತರ.

ಕಾರಣ ಬೇಕೇ ಬೇಕು ಅನ್ನೋರು ಮುಂದೆ ಓದಿ. 1947ರಲ್ಲಿ ನೂರ್ ಜಹಾನ್ ಮೊದಲು ನಟಿ. ತೆರೆಯ ಮೇಲೆ ತಾನೇ ನಿಂತು, ತನ್ನ ಹಾಡು ತಾನೇ ಹಾಡುವ ನಟಿ. 1946ರ 'ಅನ್ಮೋಲ್ ಘಡಿ' ನೋಡಿ. ನೂರ್ ಜಹಾನ್, ಸುರೈಯಾ, ಸುರೇಂದ್ರ, ಮೂವರೂ ನಟರು, ಮೂವರೂ ಗಾಯಕರು. ಸಂಗೀತ ನೌಷಾದ್. ಲತಾ ಮಾಡಿದ್ದು ಬೇರೆಯೇ ಕೆಲಸ. ಯಾರದೋ ಮುಖಕ್ಕೆ ತನ್ನ ದನಿ ಕೊಡುವುದು. ಹೋಲಿಸಲೇಬೇಕು ಅಂದರೆ ಸುರೈಯಾ ಜೊತೆ ಹೋಲಿಸಿ. ಸುರೈಯಾ ಎಲ್ಲೂ ಹೋಗಲಿಲ್ಲ, ಮುಂಬೈಯಲ್ಲೇ ಉಳಿದರು. ಆದರೂ ಹಾಡುವ ನಟಿಯರ ಕಾಲ ಮುಗಿಯುತ್ತಾ ಬಂತು. 1963ರ ಹೊತ್ತಿಗೆ ಅವರೂ ಸಿನಿಮಾ ಬಿಟ್ಟರು. ಲತಾ ಬೆಳೆಯೋದಕ್ಕೆ ಸುರೈಯಾ ಅಡ್ಡ ಬಂದರಾ? ಇಲ್ಲವಲ್ಲ.

ಇನ್ನೊಂದು ವಿಷಯ. ಲಾಹೋರಿನಲ್ಲಿ ನೂರ್ ಜಹಾನ್‌ಗೆ 'ಖಾನ್‌ದಾನ್' ಚಿತ್ರದ ಹಾಡುಗಳನ್ನು ಕೊಟ್ಟವರು ಸಂಗೀತ ನಿರ್ದೇಶಕ ಗುಲಾಂ ಹೈದರ್. 1948ರಲ್ಲಿ 'ಮಜಬೂರ್' ಚಿತ್ರದಲ್ಲಿ ಲತಾರನ್ನು ನಂಬಿ ಹಾಡಿಸಿದವರೂ ಅದೇ ಗುಲಾಂ ಹೈದರ್. ಒಬ್ಬರ ಜಾಗ ಇನ್ನೊಬ್ಬರಿಗೆ ಸಿಕ್ಕಿತು ಅನ್ನೋ ಲೆಕ್ಕ ಇಲ್ಲಿ ಕೂರುವುದೇ ಇಲ್ಲ. 1945ರ 'ಬಡಿ ಮಾ' ಚಿತ್ರದಲ್ಲಿ ನೂರ್ ಜಹಾನ್ ನಾಯಕಿ, ಹುಡುಗಿ ಲತಾಗೆ ಒಂದು ಚಿಕ್ಕ ಪಾತ್ರ. ನೂರ್ ಜಹಾನ್ ಹಾಡಿಕೆ ಅಂದರೆ ಲತಾಗೆ ಎಷ್ಟು ಗೌರವ ಅನ್ನೋದನ್ನ ಅವರೇ ಕೊನೇವರೆಗೂ ಹೇಳುತ್ತಿದ್ದರು. ಅವರಿಬ್ಬರಿಗೆ ಇಲ್ಲದ ಜಗಳ ನಿಮಗ್ಯಾಕೆ?

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯ ಯಜಮಾನರು ಇದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಉತ್ತರವನ್ನೂ ಹೇಳಿದರು: "ನಮ್ಮ ದೇಶ ಬಿಟ್ಟು ಹೋದ್ಲು ನೋಡಿ, ಅದಕ್ಕೇ ಹೆಸರೇ ಇಲ್ದಂಗಾಯ್ತು." ಹೋಳಿಗೆ ಬಡಿಸುವ ಹುಡುಗ ತುಪ್ಪದ ಮಿಳ್ಳೆ ಹಿಡಿದು ನಿಂತೇ ಇದ್ದ. ಯಜಮಾನರು ಕೈ ಅಡ್ಡ ಹಿಡಿದು ದೇಶಭಕ್ತಿ ಮುಂದುವರಿಸಿದರು. "ಸ್ವಾಮಿ, ಅವರು ಹುಟ್ಟಿದ್ದೇ ಕಸೂರಿನಲ್ಲಿ" ಅಂದೆ. "ಅದೆಲ್ಲಿ?" ಅಂದರು. ಲಾಹೋರಿನ ಹತ್ತಿರ ಅಂದೆ. "ಓ, ಹಂಗಾ" ಅಂದು ತುಪ್ಪ ಹಾಕಿಸಿಕೊಂಡರು. ನನ್ನ ಹೋಳಿಗೆ ಅಷ್ಟೊತ್ತಿಗೆ ತಣ್ಣಗಾಗಿತ್ತು.

ಹೌದು ಮಾರಾಯ್ರೇ. 1926ರಲ್ಲಿ ಕಸೂರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಅಲ್ಲಾ ವಸಾಯಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಕಲ್ಕತ್ತಾಕ್ಕೆ ಹೋಗಿ ಪಂಜಾಬಿ ಚಿತ್ರಗಳಲ್ಲಿ ಹಾಡಿ, ನಟಿಸಿ, ಆಮೇಲೆ ಲಾಹೋರಿಗೆ ಬಂದವರು. 1940ರ 'ಯಮ್ಲಾ ಜಟ್' ಚಿತ್ರದಲ್ಲಿ ಪ್ರಾಣ್ ಖಳನಾಯಕ, ಇವರು ಇನ್ನೂ ಮಗು. ಎರಡೇ ವರ್ಷಕ್ಕೆ 'ಖಾನ್‌ದಾನ್'ನಲ್ಲಿ ಅದೇ ಪ್ರಾಣ್ ನಾಯಕ, ಇವರು ನಾಯಕಿ! ಎತ್ತರ ಸಾಲದು ಅಂತ ಕ್ಲೋಸ್‌ಅಪ್‌ಗಳಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ನಿಲ್ಲಿಸುತ್ತಿದ್ದರಂತೆ. ಮುಂಬೈಯಲ್ಲಿ ಇದ್ದದ್ದು ಕೆಲವೇ ವರ್ಷ. 1947ರಲ್ಲಿ ದಿಲೀಪ್ ಕುಮಾರ್ ಜೊತೆ 'ಜುಗ್ನು' ಭರ್ಜರಿಯಾಗಿ ಓಡಿತು. ದೇಶ ಎರಡಾದಾಗ ತಮ್ಮ ಊರಿನ ಕಡೆ ಹೊರಟರು. ಇದರಲ್ಲಿ ಬಿಟ್ಟು ಹೋಗೋದು ಏನು ಬಂತು?

ನಿಮ್ಮ ಪ್ರಶ್ನೆಯಲ್ಲಿ ನೂರ್ ಜಹಾನ್ 1947ಕ್ಕೇ ಮುಗಿದುಹೋಗುತ್ತಾರೆ. ಅವರು ತೀರಿಕೊಂಡಿದ್ದು 2000ದ ಡಿಸೆಂಬರ್‌ನಲ್ಲಿ. ನಡುವಿನ 53 ವರ್ಷ ಏನು ಮಾಡಿದರು ಅಂತ ಒಬ್ಬರಾದರೂ ಕೇಳಬೇಕಲ್ಲ?

1951ರಲ್ಲಿ 'ಚನ್‌ವೇ' ಅನ್ನೋ ಪಂಜಾಬಿ ಚಿತ್ರ ಬಂತು. ನಾಯಕಿ ನೂರ್ ಜಹಾನ್, ಹಾಡಿದ್ದು ನೂರ್ ಜಹಾನ್, ನಿರ್ದೇಶನದ ಹೆಸರೂ ನೂರ್ ಜಹಾನ್. ಪಾಕಿಸ್ತಾನದ ಮೊದಲ ನಿರ್ದೇಶಕಿ ಅಂತ ಅವರನ್ನು ಕರೆಯುವುದು ಈ ಚಿತ್ರದಿಂದ. ನಿಜವಾಗಿ ನಿರ್ದೇಶಿಸಿದ್ದು ಗಂಡ ಶೌಕತ್ ಹುಸೇನ್ ರಿಜ್ವಿ ಅಂತ ಆಗಲೂ ಈಗಲೂ ಹೇಳೋರಿದ್ದಾರೆ. ಇರಬಹುದು. ಹೆಂಗಸು ಏನಾದರೂ ಮಾಡಿದರೆ ಹಿಂದೆ ಗಂಡಸನ್ನು ಹುಡುಕೋದು ಎಲ್ಲಾ ಕಡೆ ಇದ್ದದ್ದೇ. ಮರುವರ್ಷ ಉರ್ದುವಿನ 'ದುಪಟ್ಟಾ' ಬಂತು. ಅದು ಗಡಿಯ ಈಚೆಗೂ ಬಂದು ಓಡಿತು. 'ಹೆಸರೇ ಇಲ್ದಂಗಾಯ್ತು' ಅಂದ ಯಜಮಾನರಿಗೆ ಇದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ, ಅವರು ಪಾಯಸಕ್ಕೆ ಹೋಗಿಬಿಟ್ಟಿದ್ದರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ದೊಡ್ಡ ನಟಿ ನಟನೆ ಯಾಕೆ ನಿಲ್ಲಿಸಿದರು? ನಾಯಕಿಯಾಗಿ ಕೊನೆಯ ಚಿತ್ರ 1961ರ 'ಘಾಲಿಬ್'. ಆಗ ವಯಸ್ಸು 35. ಅದಕ್ಕೆ ಎರಡು ವರ್ಷ ಮೊದಲು ತಮಗಿಂತ ಚಿಕ್ಕವನಾದ ನಟ ಎಜಾಜ್ ದುರಾನಿಯನ್ನು ಮದುವೆಯಾಗಿದ್ದರು. ನಟನೆ ಬಿಡು ಅಂತ ಅವನದೇ ಒತ್ತಾಯವಿತ್ತು ಅಂತ ತುಂಬಾ ಜನ ಬರೆದಿದ್ದಾರೆ. ಮನೆಯಲ್ಲಿ ಮಕ್ಕಳೂ ಇದ್ದರು. ಮುಖ ಹಿಂದೆ ಸರಿಯಿತು, ದನಿ ಉಳಿಯಿತು. ಆಮೇಲೆ ದಶಕಗಳ ಕಾಲ ಬೇರೆ ನಾಯಕಿಯರಿಗಾಗಿ ಹಾಡಿದರು, ಅದರಲ್ಲೂ ಪಂಜಾಬಿ ಚಿತ್ರಗಳಲ್ಲಿ ಜಾಸ್ತಿ. ಅಂದರೆ ಲತಾ ಮಾಡುತ್ತಿದ್ದ ಕೆಲಸವನ್ನೇ ಲಾಹೋರಿನಲ್ಲಿ ಇವರು ಮಾಡಿದರು. ತಡವಾಗಿ ಶುರು ಮಾಡಿ, ಅಲ್ಲಿನ ರಾಣಿಯಾದರು.

1970ರ ಪಂಜಾಬಿ 'ಹೀರ್ ರಾಂಝಾ' ಸಿಕ್ಕರೆ ನೋಡಿ. ಹೀರ್ ಅನ್ನೋ ಹುಡುಗಿ, ರಾಂಝಾ ಅನ್ನೋ ಹುಡುಗ, ಇವರಿಬ್ಬರ ಹಳೇ ಪ್ರೇಮಕಥೆ. ಕೊಳಲಿನ ಹಾಡೊಂದಿದೆ, ಖುರ್ಷಿದ್ ಅನ್ವರ್ ಸಂಗೀತ. ಕೊಳಲು ಊದುವ ರಾಂಝಾ ಯಾರು ಅಂದರೆ ಎಜಾಜ್ ದುರಾನಿ. ಅವನ ಮುಂದೆ ಹೀರ್ ಆಗಿ ತುಟಿ ಆಡಿಸುವವರು ಫಿರ್ದೌಸ್. ದನಿ ಮಾತ್ರ ನೂರ್ ಜಹಾನ್‌ರದ್ದು. ಹತ್ತು ವರ್ಷ ಮುಂಚೆ ಆಗಿದ್ದರೆ ಆ ಹೀರ್ ಅವರೇ ಆಗಿರುತ್ತಿದ್ದರು. ಮೊದಲು ಆ ಹಾಡು ಪೂರ್ತಿ ನೋಡಿ ಬನ್ನಿ. ಲತಾ ವಿಷಯ ಆಮೇಲೆ ಮಾತಾಡೋಣ.