ತಡೆಬೇಲಿಯ ದುಡ್ಡು ದಂಡವೇ?

‘ಒಂದು ಸೇತುವೆಗೆ ಬೇಲಿ ಹಾಕಿದರೆ ಸಾಯಬೇಕೆಂದವರು ಇನ್ನೊಂದು ಕಡೆ ಹೋಗುತ್ತಾರೆ. ಅದಕ್ಕೇಕೆ ಅಷ್ಟು ದುಡ್ಡು? ಒಂದೆರಡು ಕ್ಯಾಮೆರಾ ಸಾಲದೇ?’ ಸಾರ್ವಜನಿಕ ಸ್ಥಳಗಳಲ್ಲಿ ಆತ್ಮಹತ್ಯೆ ತಡೆಯುವ ಕ್ರಮಗಳ ಖರ್ಚು–ಫಲ ಲೆಕ್ಕ ಹಾಕುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಮೊದಲ ಅನುಮಾನಕ್ಕೆ ಉತ್ತರ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1937ರಿಂದ 1971ರವರೆಗೆ ತಡೆದು ಉಳಿಸಿದ 515 ಮಂದಿ ಮುಂದೇನಾದರು ಎಂದು ಸಂಶೋಧಕ ರಿಚರ್ಡ್ ಸೈಡನ್ ಹುಡುಕಿ, 1978ರಲ್ಲಿ ಪ್ರಕಟಿಸಿದರು. ಸುಮಾರು 94% ಜನ ಬದುಕಿದ್ದರು, ಇಲ್ಲವೇ ಸಹಜ ಕಾರಣದಿಂದ ತೀರಿಕೊಂಡಿದ್ದರು. ಹೆಚ್ಚಿನವರಿಗೆ ಆ ಗಳಿಗೆ ದಾಟಿಬಿಟ್ಟರೆ ಸಾಕಿತ್ತು.

ಆದರೂ ಲೆಕ್ಕದಲ್ಲಿ ‘ಬೇರೆಡೆ ಹೋಗುವವರು’ ಎಂಬ ಕಳೆಯುವ ಸಾಲು ಇರಲೇಬೇಕು. ಕಲ್ಪಿತ ಉದಾಹರಣೆ: ವರ್ಷಕ್ಕೆ 4 ಸಾವು, ಬೇಲಿಯಿಂದ ಅಲ್ಲಿ 3 ಕಡಿಮೆ, ಅದರಲ್ಲಿ 1 ಬೇರೆಡೆ ಆಯಿತು ಅನ್ನಿ, ನಿಜವಾಗಿ ಉಳಿದದ್ದು 2. ಬೇಲಿ 20 ವರ್ಷ ಬಾಳಿದರೆ 40 ಜೀವ. ಅದೇ ಬೇಲಿಯನ್ನು ಬರೀ 4 ವರ್ಷಕ್ಕೆ ಅಳೆದರೆ 8. ಕಟ್ಟಿದ ಖರ್ಚನ್ನು ಹಂಚಿದಾಗ ಒಂದು ಜೀವದ ಪಾಲು ಐದು ಪಟ್ಟು ದುಬಾರಿ! ಟೊರಾಂಟೊದ ಬ್ಲೂರ್ ಸೇತುವೆಗೆ 2003ರಲ್ಲಿ ತಡೆಬೇಲಿ ಬಂತು. ಮೊದಲ 4 ವರ್ಷ ನೋಡಿದವರು ನಗರದಲ್ಲಿ ಹಾರಿ ಸತ್ತವರ ಒಟ್ಟು ಸಂಖ್ಯೆ ಇಳಿದಿಲ್ಲ ಎಂದರು. ಮುಂದೆ 11 ವರ್ಷ ನೋಡಿದಾಗ ನಗರದ ಸೇತುವೆಗಳಲ್ಲಿ ಆಗುವ ಆತ್ಮಹತ್ಯೆ ಇಳಿದಿತ್ತು.

ಇನ್ನು ಕ್ಯಾಮೆರಾ. ಕೊಳ್ಳುವಾಗ ಅಗ್ಗ, ನಡೆಸುವಾಗ ಅಲ್ಲ. ದಿನಕ್ಕೆ 10,000 ಜನ ದಾಟುವ ಕಡೆ ಕ್ಯಾಮೆರಾದ ದೃಶ್ಯ ನೋಡಿ ಎಚ್ಚರಿಸುವ ತಂತ್ರಾಂಶ ನೂರಕ್ಕೆ ಒಬ್ಬರ ಮೇಲೆ ತಪ್ಪಾಗಿ ಶಂಕೆಪಟ್ಟರೂ ದಿನಕ್ಕೆ 100 ಸುಳ್ಳು ಎಚ್ಚರಿಕೆ. ದಿನ ಕಳೆದಂತೆ ಕಾವಲಿನವರು ಆ ಸದ್ದಿಗೆ ಏಳುವುದನ್ನೇ ಬಿಡಬಹುದು. ಪರದೆ ನೋಡುವ ಒಂದೇ ಕುರ್ಚಿಯನ್ನು ಹಗಲೂ ರಾತ್ರಿ ತುಂಬಲು ವಾರಕ್ಕೆ 168 ಗಂಟೆ. ರಜೆ ಸೇರಿಸಿದರೆ ಸುಮಾರು 5 ಜನರ ಸಂಬಳ, ಪ್ರತಿ ವರ್ಷ. ಪರದೆ ನೋಡಿದವರು ಮಾಹಿತಿ ಕೊಟ್ಟ ಮೇಲೆ ಮಾತಾಡಿಸಲು ತರಬೇತಿ ಪಡೆದ ಒಬ್ಬರು ಕೂಡಲೇ ಬರದಿದ್ದರೆ ಕ್ಯಾಮೆರಾ ಬರೀ ದಾಖಲೆ ಯಂತ್ರ. ಖರೀದಿ ಪ್ರಸ್ತಾವಗಳಲ್ಲಿ ಮೊದಲು ಬಿಟ್ಟುಹೋಗುವುದೂ ಈ ಜನರ ಖರ್ಚಿನ ಸಾಲೇ.

ಆತ್ಮಹತ್ಯೆ ತಡೆಯಲೆಂದು ಜಪಾನಿನ ರೈಲು ನಿಲ್ದಾಣಗಳಲ್ಲಿ ಹಾಕಿದ ನೀಲಿ ದೀಪದ ಬಗ್ಗೆಯೂ ಕೇಳುತ್ತಾರೆ. 2013ರ ಅಧ್ಯಯನದಲ್ಲಿ 84% ಇಳಿಕೆ ಕಂಡಿತ್ತು ನಿಜ, ಆದರೆ ಅಂದಾಜಿನ ವ್ಯಾಪ್ತಿ 14ರಿಂದ 97%, ಅಂದರೆ ನಿಜವಾದ ಇಳಿಕೆ ಅಷ್ಟರೊಳಗೆ ಎಲ್ಲಾದರೂ ಇರಬಹುದು. ಲೆಕ್ಕಕ್ಕೆ 84ನ್ನಷ್ಟೇ ಹಾಕಬೇಡಿ, 14ನ್ನೂ ಹಾಕಿ ನೋಡಿ. ಆಗಲೂ ಖರ್ಚು ಹೊಂದಿದರೆ ದೀಪ ಹಾಕಿಸಿ.